ಫ್ಲೂ ಟೆಸ್ಟ್ ಯಾರಿಗೆ ಬೇಕು, ಯಾರಿಗೆ ಸಿಗುತ್ತಿದೆ?

ಕಳೆದ ಮಳೆಗಾಲದ ಒಂದು ಸೋಮವಾರ ನನಗೆ ಜ್ವರ ಬಂತು. ಗಂಟಲು ಕೆರೆತ, ಮೈಕೈ ನೋವು, ಒಣಕೆಮ್ಮು. ಮಂಗಳವಾರ ಬೆಳಗ್ಗೆ ಮೊಬೈಲಿನಲ್ಲೇ ಲ್ಯಾಬ್ ಬುಕ್ ಮಾಡಿದೆ. ಹುಡುಗನೊಬ್ಬ ಸ್ಕೂಟರಿನಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ನಮ್ಮ ಮನೆಗೇ ಬಂದು ಮೂಗಿನಿಂದ ಸ್ವಾಬ್ ತೆಗೆದುಕೊಂಡು, ಎರಡು ಟ್ಯೂಬ್ ರಕ್ತವನ್ನೂ ತೆಗೆದುಕೊಂಡು ಹೋದ. ಬಿಲ್ ನಾಲ್ಕು ಸಾವಿರದ ಹತ್ತಿರ ಆಯ್ತು. ಗುರುವಾರ ರಿಪೋರ್ಟ್ ಬಂತು: ಇನ್‌ಫ್ಲುಯೆಂಜಾ ಎ, ಪಾಸಿಟಿವ್. ಅಷ್ಟರಲ್ಲಿ ನನ್ನ ಜ್ವರ ಇಳಿಯುತ್ತಿತ್ತು. ವೈದ್ಯರು ರಿಪೋರ್ಟ್ ನೋಡಿ, "ಏನು ಮಾಡ್ತಿದೀರೋ ಅದೇ ಮುಂದುವರಿಸಿ" ಅಂದರು. ಪ್ಯಾರಸಿಟಮಾಲ್, ಬಿಸಿನೀರು, ನಿದ್ದೆ. ನಾಲ್ಕು ಸಾವಿರ ಕೊಟ್ಟು ನಾನು ಖರೀದಿಸಿದ್ದು ನನ್ನ ಕಾಯಿಲೆಯ ಹೆಸರನ್ನು ಮಾತ್ರ.

ಶುಕ್ರವಾರ, ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಕೆಮ್ಮುತ್ತಾ ಬಂದರು. ಬೈರಸಂದ್ರದ ಕಡೆಯಿಂದ ದಿನವೂ ನಡೆದುಕೊಂಡೇ ಬರುವವರು. ಐವತ್ತು ದಾಟಿದೆ, ಶುಗರ್ ಇದೆ. ಮಂಗಳವಾರ, ಬುಧವಾರ ಎರಡೂ ದಿನ ನಾನು ಮಲಗಿದ್ದ ಕೋಣೆಯನ್ನು ಅವರೇ ಗುಡಿಸಿ ಒರೆಸಿದ್ದರು. "ಜ್ವರ ಇದ್ದಂಗಿದೆ, ಮನೇಗ್ ಹೋಗಿ ಅಕ್ಕ" ಅಂದೆ. "ಬರೀ ನೆಗಡಿ ಅಣ್ಣ, ಇನ್ನೂ ಎರಡು ಮನೆ ಇದೆ" ಅಂತ ಹೊರಟರು. ಮೆಡಿಕಲ್ ಶಾಪಿನಲ್ಲಿ ಕೇಳಿದ್ದಕ್ಕೆ ಆ್ಯಂಟಿಬಯಾಟಿಕ್ ಮಾತ್ರೆ ಕೊಟ್ಟಿದ್ದರಂತೆ. ಐದನೇ ದಿನಕ್ಕೆ ಏದುಸಿರು ಶುರುವಾಯಿತು. ಮಗಳು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಸ್ವಾಬ್ ತೆಗೆದರು, ಫ್ಲೂ ಎಂದು ಗೊತ್ತಾಯಿತು. ಮೂರು ದಿನ ಆಕ್ಸಿಜನ್ ಬೇಕಾಯಿತು. ಬದುಕಿಕೊಂಡರು. ಆದರೆ ಅವರು ಕೆಲಸಕ್ಕೆ ಹೋಗುತ್ತಿದ್ದ ಎರಡು ಮನೆಯವರು ಆ ಹೊತ್ತಿಗೆ ಬೇರೆಯವರನ್ನು ಇಟ್ಟುಕೊಂಡಿದ್ದರು.

ನನ್ನಿಂದಲೇ ಅವರಿಗೆ ಬಂತು ಅಂತ ಸಾಬೀತು ಮಾಡೋಕೆ ಆಗಲ್ಲ. ಆದರೆ ಶುಕ್ರವಾರ ಅವರು ಕೆಮ್ಮುತ್ತಾ ನಿಂತಿದ್ದಾಗ ನನ್ನ ಫೋನಿನಲ್ಲಿ ಪಾಸಿಟಿವ್ ರಿಪೋರ್ಟ್ ಇತ್ತು. ಅಮ್ಮನಿಗೆ ಹೇಳಿದ್ದೆ, ಆಫೀಸಿಗೆ ಹೇಳಿದ್ದೆ. ಅವರಿಗೆ ಹೇಳಬೇಕು ಅಂತ ಹೊಳೆಯಲೇ ಇಲ್ಲ.

ಹಾಗಾದರೆ ಫ್ಲೂ ಟೆಸ್ಟ್ ನಿಜಕ್ಕೂ ಯಾವಾಗ ಬೇಕು? ಕೇಳೋಕೆ ಇದು ಡಾಕ್ಟರ್ ಉತ್ತರಿಸಬೇಕಾದ ಪ್ರಶ್ನೆ. ಆದರೆ ಉತ್ತರ ಹುಡುಕುತ್ತಾ ಹೋದರೆ ಅದು ಬಂದು ನಿಲ್ಲೋದು ರಾಜಕೀಯದಲ್ಲಿ.

ಸರ್ಕಾರ 2009ರಲ್ಲೇ ಕೊಟ್ಟ ಉತ್ತರ

2009ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ಎಚ್1ಎನ್1ನಿಂದ ದೇಶದ ಮೊದಲ ಸಾವು ಸಂಭವಿಸಿದಾಗ ಊರೂರಲ್ಲೂ ಜನ ಟೆಸ್ಟ್‌ಗಾಗಿ ಸಾಲುಗಟ್ಟಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಪರಿಷ್ಕೃತ ಮಾರ್ಗಸೂಚಿ ಹೊರಡಿಸಿ, ರೋಗಿಗಳನ್ನು ಎ, ಬಿ, ಸಿ ಎಂದು ಮೂರು ಗುಂಪು ಮಾಡಿತು. 2010ರ ಆಗಸ್ಟ್‌ನಲ್ಲಿ ಆ ಮಹಾಸೋಂಕು ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಎಚ್1ಎನ್1 ಕೂಡ ವರ್ಷವರ್ಷ ಬಂದುಹೋಗುವ ಫ್ಲೂಗಳಲ್ಲಿ ಒಂದಾಯಿತು. ಎ, ಬಿ, ಸಿ ವಿಂಗಡಣೆ ಮಾತ್ರ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ.

'ಎ' ಅಂದರೆ ಸಾಧಾರಣ ಜ್ವರ, ಕೆಮ್ಮು, ಗಂಟಲು ನೋವು. ಇವರಿಗೆ ಟೆಸ್ಟ್ ಬೇಡ, ವೈರಸ್ ಮೇಲೆ ಕೆಲಸ ಮಾಡುವ ಒಸೆಲ್ಟಮಿವಿರ್ ಮಾತ್ರೆಯೂ ಬೇಡ. ಮನೆಯಲ್ಲಿರಬೇಕು, 24ರಿಂದ 48 ಗಂಟೆಯೊಳಗೆ ವೈದ್ಯರು ಮತ್ತೊಮ್ಮೆ ನೋಡಬೇಕು. ನಾನು ಈ ಗುಂಪಿನವನು.

'ಬಿ'ಯಲ್ಲಿ ಎರಡು ಬಗೆ. ಒಂದು, ಜ್ವರ ಮತ್ತು ಗಂಟಲು ನೋವು ಜೋರಾಗಿರುವವರು. ಇನ್ನೊಂದು, ಲಕ್ಷಣ ಸಾಧಾರಣವೇ ಆದರೂ ಅಪಾಯ ಹೆಚ್ಚಿರುವವರು: ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, 65 ದಾಟಿದವರು, ಸಕ್ಕರೆ ಕಾಯಿಲೆ ಇರುವವರು, ಶ್ವಾಸಕೋಶ, ಹೃದಯ, ಕಿಡ್ನಿ, ಲಿವರ್ ತೊಂದರೆ ಇರುವವರು, ಕ್ಯಾನ್ಸರ್ ಅಥವಾ ಎಚ್‌ಐವಿ ಇರುವವರು, ದೀರ್ಘಕಾಲ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿರುವವರು. ಈ ಎರಡನೆಯವರಿಗೆ ಟೆಸ್ಟ್‌ಗೆ ಕಾಯದೆ ಒಸೆಲ್ಟಮಿವಿರ್ ಕೊಡಬೇಕು. ಅಕ್ಕ ಶುಕ್ರವಾರ ಇದ್ದದ್ದು ಈ ಗುಂಪಿನಲ್ಲಿ.

'ಸಿ' ಅಂದರೆ ಉಸಿರಾಟಕ್ಕೆ ತೊಂದರೆ, ಎದೆನೋವು, ಮಂಪರು, ರಕ್ತದೊತ್ತಡ ಕುಸಿತ, ಕಫದಲ್ಲಿ ರಕ್ತ, ಉಗುರು ನೀಲಿಯಾಗೋದು. ಮಕ್ಕಳಲ್ಲಾದರೆ ಇಳಿಯದ ಜ್ವರ, ಹಾಲು-ಊಟ ಬಿಡೋದು, ಫಿಟ್ಸ್. ಮೊದಲೇ ಇದ್ದ ಕಾಯಿಲೆ ಉಲ್ಬಣಿಸಿದರೂ ಇದೇ ಗುಂಪು. ಇವರಿಗೆ ತಕ್ಷಣ ಆಸ್ಪತ್ರೆ, ತಕ್ಷಣ ಔಷಧಿ ಮತ್ತು ಟೆಸ್ಟ್. ಅಕ್ಕ ಐದನೇ ದಿನಕ್ಕೆ ಇಲ್ಲಿಗೆ ಬಂದು ತಲುಪಿದ್ದರು.

ಅಂದರೆ ಶುಕ್ರವಾರ ಅಕ್ಕನಿಗೂ ಟೆಸ್ಟ್ ಅನಿವಾರ್ಯವಾಗಿರಲಿಲ್ಲ. "ಶುಗರ್ ಇದೆಯಾ? ಮನೇಲಿ ಅಥವಾ ಕೆಲಸದ ಜಾಗದಲ್ಲಿ ಯಾರಿಗಾದರೂ ಫ್ಲೂ ಇದೆಯಾ?" ಅಂತ ಕೇಳುವ ಒಬ್ಬ ವೈದ್ಯರು ಮತ್ತು ಐದು ದಿನದ ಮಾತ್ರೆ ಬೇಕಿತ್ತು. ಒಸೆಲ್ಟಮಿವಿರ್ ಚೆನ್ನಾಗಿ ಕೆಲಸ ಮಾಡೋದು ಲಕ್ಷಣ ಕಾಣಿಸಿಕೊಂಡ 48 ಗಂಟೆಯೊಳಗೆ ಶುರು ಮಾಡಿದರೆ. ತಡವಾದರೂ ತೀವ್ರವಾಗಿ ಕಾಯಿಲೆ ಬಿದ್ದವರಿಗೆ ಕೊಡುತ್ತಾರೆ, ಪ್ರಯೋಜನವೂ ಇದೆ. ಆದರೆ ಕಳೆದುಹೋದ ಆ ಮೊದಲ ಎರಡು ದಿನವನ್ನು ಯಾವ ಲ್ಯಾಬೂ ವಾಪಸ್ ತಂದುಕೊಡಲ್ಲ.

ನೆಗೆಟಿವ್ ಬಂದರೆ ಫ್ಲೂ ಇಲ್ಲ ಅಂತಲ್ಲ

"ದುಡ್ಡಿದೆ, ಮಾಡಿಸ್ತೀನಿ, ನಷ್ಟ ಏನು?" ಅಂತ ಗೆಳೆಯರು ಕೇಳುತ್ತಾರೆ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಸ್ವಲ್ಪ ಲೆಕ್ಕ ಹಾಕೋಣ.

ಹದಿನೈದು ನಿಮಿಷದಲ್ಲಿ ಫಲಿತಾಂಶ ಕೊಡುವ ರ್‍ಯಾಪಿಡ್ ಕಾರ್ಡ್ ಟೆಸ್ಟ್‌ಗಳು ಫ್ಲೂ ಇರುವವರಲ್ಲಿ ಸುಮಾರು 50ರಿಂದ 70 ಶೇಕಡಾ ಜನರನ್ನು ಮಾತ್ರ ಹಿಡಿಯುತ್ತವೆ. ಫ್ಲೂ ಇಲ್ಲದವರನ್ನು ಇದೆ ಎಂದು ತಪ್ಪಾಗಿ ತೋರಿಸೋದು ಕಡಿಮೆ. ಫ್ಲೂ ಜೋರಾಗಿರುವ ತಿಂಗಳಲ್ಲಿ ಕೆಮ್ಮು-ಜ್ವರದ 100 ಜನ ಬಂದರು, ಅವರಲ್ಲಿ 30 ಜನಕ್ಕೆ ನಿಜಕ್ಕೂ ಫ್ಲೂ ಇದೆ ಅಂದುಕೊಳ್ಳಿ. 60 ಶೇಕಡಾ ಹಿಡಿಯುವ ಕಾರ್ಡ್ ಆದರೆ 18 ಜನ ಸಿಕ್ಕಿಬೀಳುತ್ತಾರೆ, 12 ಜನ 'ನೆಗೆಟಿವ್' ಅಂತ ಹೇಳಿಸಿಕೊಂಡು ಮನೆಗೆ ಹೋಗುತ್ತಾರೆ. ಆ ಹನ್ನೆರಡರಲ್ಲಿ ಒಬ್ಬರು ಗರ್ಭಿಣಿ ಇದ್ದರೆ? "ಟೆಸ್ಟ್ ನೆಗೆಟಿವ್ ಅಲ್ವಾ" ಅಂತ ಮಾತ್ರೆ ಕೊಡದೇ ಇದ್ದರೆ?

ಈಗ ಫ್ಲೂ ಅಷ್ಟಾಗಿ ಇಲ್ಲದ ತಿಂಗಳು ತೆಗೆದುಕೊಳ್ಳಿ. 100 ಜನರಲ್ಲಿ ಇಬ್ಬರಿಗೆ ಮಾತ್ರ ಫ್ಲೂ. ಕಾರ್ಡ್ ಅವರಲ್ಲಿ ಒಬ್ಬರನ್ನು ಹಿಡಿಯುತ್ತದೆ. ಉಳಿದ 98 ಜನರಲ್ಲಿ 2 ಶೇಕಡಾ ತಪ್ಪಾದರೂ ಇಬ್ಬರು ಸುಮ್ಮನೆ ಪಾಸಿಟಿವ್ ಆಗುತ್ತಾರೆ. ಮೂರು ಪಾಸಿಟಿವ್‌ನಲ್ಲಿ ಎರಡು ಸುಳ್ಳು! ಕಾರ್ಡ್ ಅದೇ, ಕಂಪನಿ ಅದೇ, ಬದಲಾಗಿದ್ದು ಊರಿನಲ್ಲಿ ಎಷ್ಟು ಫ್ಲೂ ಇದೆ ಅನ್ನೋದು ಮಾತ್ರ.

ಆರ್‌ಟಿ-ಪಿಸಿಆರ್ ಇದಕ್ಕಿಂತ ತುಂಬಾ ನಿಖರ. ಆಸ್ಪತ್ರೆಗೆ ದಾಖಲಾದವರಿಗೆ ಅದೇ ಸರಿ. ಆದರೆ ದುಬಾರಿ, ಫಲಿತಾಂಶಕ್ಕೆ ಕಾಯಬೇಕು. ನನ್ನಂಥವರಿಗೆ ಅದು ಬರುವಷ್ಟರಲ್ಲಿ ಜ್ವರವೇ ಇಳಿದಿರುತ್ತದೆ. ಇನ್ನು ಪ್ಯಾಕೇಜ್‌ಗಳಲ್ಲಿ ಸೇರಿಸಿ ಮಾರುವ ರಕ್ತದ ಆ್ಯಂಟಿಬಾಡಿ ಪರೀಕ್ಷೆಗಳಿಂದ ಇವತ್ತಿನ ಫ್ಲೂ ಪತ್ತೆಯಾಗೋದಿಲ್ಲ. ಹಳೆಯ ಸೋಂಕು, ಹಾಕಿಸಿಕೊಂಡ ಲಸಿಕೆ ಎಲ್ಲವೂ ಅದರಲ್ಲಿ ಕಾಣಿಸಬಹುದು.

ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಫಲಿತಾಂಶದಿಂದ ಮುಂದಿನ ಯಾವುದಾದರೂ ನಿರ್ಧಾರ ಬದಲಾಗುತ್ತಾ? ಆಸ್ಪತ್ರೆಗೆ ಸೇರಿಸಿದವರಲ್ಲಿ ಬದಲಾಗುತ್ತದೆ. ಯಾವ ಔಷಧಿ, ಯಾವ ವಾರ್ಡು, ಆ್ಯಂಟಿಬಯಾಟಿಕ್ ನಿಲ್ಲಿಸಬಹುದಾ ಅನ್ನೋದೆಲ್ಲ ಅದರ ಮೇಲೆ ನಿಂತಿರುತ್ತದೆ. ಅಪಾಯ ಹೆಚ್ಚಿರುವವರಲ್ಲಿ ವೈದ್ಯರಿಗೆ ಅನುಮಾನ ಇದ್ದರೆ ಬದಲಾಗಬಹುದು. ವೃದ್ಧಾಶ್ರಮದಲ್ಲೋ ಹಾಸ್ಟೆಲಿನಲ್ಲೋ ಒಟ್ಟೊಟ್ಟಿಗೆ ಹಲವರು ಮಲಗಿದರೆ, ಮೊದಲ ಒಂದಿಬ್ಬರನ್ನು ಪರೀಕ್ಷಿಸಿದರೆ ಉಳಿದವರನ್ನು ಕಾಪಾಡಬಹುದು. ಮನೆಯಲ್ಲಿ ಕೀಮೋ ತೆಗೆದುಕೊಳ್ಳುತ್ತಿರುವವರೋ ತುಂಬು ಗರ್ಭಿಣಿಯೋ ಇದ್ದರೆ, ಆರೋಗ್ಯವಾಗಿರುವ ನಿಮಗೂ ಟೆಸ್ಟ್ ಮಾಡಿಸೋದಕ್ಕೆ ಅರ್ಥ ಇದೆ. ಫಲಿತಾಂಶ ಬಂದ ಮೇಲೆ ಅವರಿಗಾಗಿ ಏನಾದರೂ ಮಾಡಿದರೆ ಮಾತ್ರ. ನಾನು ಮಾಡಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಫ್ಲೂ ಟೆಸ್ಟ್ ಬೇಡ ಅಂದರೆ ಜ್ವರವನ್ನೇ ಕಡೆಗಣಿಸಿ ಅಂತಲ್ಲ. ಬೆಂಗಳೂರಿನ ಮಳೆಗಾಲದಲ್ಲಿ ಕೆಮ್ಮು-ನೆಗಡಿ ಇಲ್ಲದೆ ಜೋರು ಜ್ವರ, ಕಣ್ಣಿನ ಹಿಂದೆ ನೋವು ಬಂದರೆ ಡೆಂಗ್ಯೂ ನೆನಪಾಗಬೇಕು. ಅಲ್ಲಿ ಮೊದಲ ಐದು ದಿನದೊಳಗಿನ ಎನ್ಎಸ್1 ಪರೀಕ್ಷೆ ನಿಜಕ್ಕೂ ದಾರಿ ತೋರಿಸುತ್ತದೆ. ಡೆಂಗ್ಯೂ ಅನುಮಾನ ಇದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬಾರದು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಬೇಕು. ಟಿಬಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಇಳಿದ ಜ್ವರ ಮತ್ತೆ ಏರಿದರೆ ನ್ಯುಮೋನಿಯಾ ಇರಬಹುದು, ವೈದ್ಯರ ಹತ್ತಿರ ಓಡಬೇಕು.

ಸರ್ಕಾರಕ್ಕೆ ಬೇಕಾದ ಟೆಸ್ಟ್ ಬೇರೆ

ರೋಗಿಗೆ ಬೇಡದಿದ್ದರೂ ಸಮಾಜಕ್ಕೆ ಬೇಕಾದ ಪರೀಕ್ಷೆಗಳಿವೆ. ಜ್ವರ-ಕೆಮ್ಮಿನೊಂದಿಗೆ ಬಂದವರನ್ನು ಐಎಲ್ಐ, ಅದೇ ಲಕ್ಷಣಕ್ಕೆ ಆಸ್ಪತ್ರೆ ಸೇರಬೇಕಾದವರನ್ನು ಸಾರಿ ಎಂದು ಗುರುತಿಸಿ, ಅವರಲ್ಲಿ ಕೆಲವರ ಮಾದರಿಯನ್ನು ಪ್ರತಿ ವಾರ ಪರೀಕ್ಷಿಸುತ್ತಾರೆ. ಯಾವ ವೈರಸ್ ಓಡಾಡುತ್ತಿದೆ, ರೂಪ ಬದಲಿಸಿದೆಯಾ ಅಂತ ಗೊತ್ತಾಗೋದು ಇದರಿಂದ. ಮುಂದಿನ ವರ್ಷದ ಲಸಿಕೆಯಲ್ಲಿ ಯಾವ ತಳಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ ತೀರ್ಮಾನಿಸೋದು ಕೂಡ ಜಗತ್ತಿನಾದ್ಯಂತ ಹೀಗೆ ಸಿಗುವ ಮಾಹಿತಿಯಿಂದ.

2023ರ ಮಾರ್ಚ್ ನೆನಪಿಸಿಕೊಳ್ಳಿ. ಎಚ್3ಎನ್2 ಹರಡಿತ್ತು. ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ 82 ವರ್ಷದ ವೃದ್ಧರ ಸಾವು ರಾಜ್ಯದ ಮೊದಲ ಎಚ್3ಎನ್2 ಸಾವಾಗಿ ವರದಿಯಾಯಿತು. ಆಗ ಆರೋಗ್ಯ ಸಚಿವರಾಗಿದ್ದ ಡಾ. ಕೆ. ಸುಧಾಕರ್, ವಿಕ್ಟೋರಿಯಾ ಮತ್ತು ವಾಣಿವಿಲಾಸ ಆಸ್ಪತ್ರೆಗಳಲ್ಲಿ ವಾರಕ್ಕೆ 25ರ ಲೆಕ್ಕದಲ್ಲಿ ಸಾರಿ, ಐಎಲ್ಐ ಮಾದರಿಗಳ ಪರೀಕ್ಷೆ ನಡೆಯುತ್ತಿದೆ ಎಂದು ತಿಳಿಸಿದ್ದರು. ಕೋಟಿ ಜನರ ಊರಿಗೆ ವಾರಕ್ಕೆ 25 ಟೆಸ್ಟಾ ಅಂತ ಆಗ ನಾನೂ ನಕ್ಕಿದ್ದೆ. ಆದರೆ ಯಾವ ತಳಿ ಓಡಾಡುತ್ತಿದೆ ಅನ್ನೋದನ್ನು ತಿಳಿಯೋಕೆ ಎಲ್ಲರ ಮೂಗಿಗೂ ಕಡ್ಡಿ ಹಾಕಬೇಕಿಲ್ಲ. ಅನ್ನ ಬೆಂದಿದೆಯಾ ಅಂತ ನೋಡೋಕೆ ನಾಲ್ಕು ಅಗುಳು ಹಿಚುಕಿದರೆ ಸಾಕು. ಅದೇ ತಿಂಗಳು ಐಸಿಎಂಆರ್ ಕೊಟ್ಟ ಮಾಹಿತಿಯೂ ಹೀಗೇ ಸಿಕ್ಕಿದ್ದು: ಎಚ್3ಎನ್2 ಸೋಂಕಿನಿಂದ ತೀವ್ರ ಉಸಿರಾಟದ ತೊಂದರೆಯಾಗಿ ಆಸ್ಪತ್ರೆ ಸೇರಿದವರಲ್ಲಿ 10 ಶೇಕಡಾ ಜನರಿಗೆ ಆಕ್ಸಿಜನ್, 7 ಶೇಕಡಾ ಜನರಿಗೆ ಐಸಿಯು ಬೇಕಾಗಿತ್ತು. ಭಾರತೀಯ ವೈದ್ಯಕೀಯ ಸಂಘ ಕೂಡ ಆಗಲೇ ಎಚ್ಚರಿಸಿತ್ತು, ವೈರಸ್ ಜ್ವರಕ್ಕೆ ಅಜಿತ್ರೋಮೈಸಿನ್, ಅಮಾಕ್ಸಿಕ್ಲಾವ್ ನುಂಗಬೇಡಿ ಎಂದು. ಅಕ್ಕನ ಕೈಗೆ ಮೆಡಿಕಲ್ ಶಾಪಿನಿಂದ ಬಂದದ್ದು ಅಂಥದ್ದೇ ಮಾತ್ರೆ.

2025ರ ಜನವರಿ 6ರಂದು ಬೆಂಗಳೂರಿನ ಇಬ್ಬರು ಶಿಶುಗಳಲ್ಲಿ ಎಚ್ಎಂಪಿವಿ ಪತ್ತೆಯಾಯಿತು ಎಂದು ಐಸಿಎಂಆರ್ ಪ್ರಕಟಿಸಿದ್ದೂ ಇಂಥ ವಾಡಿಕೆಯ ಕಣ್ಗಾವಲಿನಿಂದಲೇ. ಆಸ್ಪತ್ರೆ ಸೇರಿದ್ದ ಮಕ್ಕಳು ಅವು. ಟೆಸ್ಟ್ ನಡೆಯಬೇಕಾದ ಜಾಗದಲ್ಲೇ ನಡೆದಿತ್ತು. ಆ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದು 2001ರಲ್ಲೇ, ಹೊಸದೇನಲ್ಲ. ಆದರೂ ಟಿವಿಗಳು ಲಾಕ್‌ಡೌನ್ ನೆನಪು ಕೆದಕಿದವು, ಆ ದಿನ ಸೆನ್ಸೆಕ್ಸ್ 1,258 ಅಂಶ ಕುಸಿಯಿತು. ಕಣ್ಗಾವಲಿನ ಮಾಹಿತಿ ಜನಕ್ಕೆ ವಾರವಾರ ಸಿಗುತ್ತಿದ್ದರೆ ಒಂದು ದಿನದ ಸುದ್ದಿ ಇಷ್ಟು ಭಯ ಹುಟ್ಟಿಸುತ್ತಿರಲಿಲ್ಲ ಅನ್ನೋದು ನನ್ನ ಅನಿಸಿಕೆ.

ನಾವು ಕೇಳಬೇಕಾದ್ದೇನು?

ನಕ್ಷೆ ತೆಗೆದು ನೋಡಿ. ಜಯನಗರದ ಪೂರ್ವದ ಅಂಚಿನಲ್ಲಿ, ಕೆಲವೇ ಕಿಲೋಮೀಟರ್ ಒಳಗೆ ನಿಮ್ಹಾನ್ಸ್ ಇದೆ, ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಸೋಮೇಶ್ವರನಗರದಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯ ಬೆಂಗಳೂರು ಘಟಕವೂ ಇದೆ. ನಾಲ್ಕನೇ ಟಿ ಬ್ಲಾಕಿನಲ್ಲಿ ಜನರಲ್ ಆಸ್ಪತ್ರೆ. ವೈರಸ್ ಬಗ್ಗೆ ದೇಶಕ್ಕೇ ಹೇಳಿಕೊಡಬಲ್ಲ ಸಂಸ್ಥೆಗಳಿರುವ ಈ ಭಾಗದಲ್ಲಿ ಒಬ್ಬ ಮನೆಕೆಲಸದ ಹೆಂಗಸಿಗೆ ಎರಡನೇ ದಿನ ಸಿಗಬೇಕಾದ ಮಾತ್ರೆ ಐದನೇ ದಿನ ಸಿಕ್ಕಿತು. ಕೊರತೆ ವಿಜ್ಞಾನದ್ದಲ್ಲ.

ಮಾತ್ರೆಯದ್ದೂ ಅಲ್ಲ. 2017ರಲ್ಲಿ ಒಸೆಲ್ಟಮಿವಿರ್ ಮಾರಾಟದ ಬಿಗಿ ನಿಯಮ ಸಡಿಲಿಸಿ ಶೆಡ್ಯೂಲ್ ಎಚ್1ಕ್ಕೆ ತಂದರು. ಈಗ ವೈದ್ಯರ ಚೀಟಿ ಇದ್ದರೆ ಸಾಮಾನ್ಯ ಔಷಧಿ ಅಂಗಡಿಯಲ್ಲೂ ಕೊಡಬಹುದು. ಸರ್ಕಾರಿ ವ್ಯವಸ್ಥೆಯಲ್ಲಿ ಅದು ಉಚಿತ ಎಂದು 2023ರಲ್ಲಿ ಕೇಂದ್ರ ಸರ್ಕಾರವೇ ಹೇಳಿದೆ. ಅಕ್ಕನಿಗೆ ಸಿಗದೇ ಹೋದದ್ದು ಆ ಚೀಟಿ ಬರೆಯುವ ವೈದ್ಯರ ಮುಂದೆ ಕೂರೋಕೆ ಬೇಕಾದ ಅರ್ಧ ದಿನ.

ಹಾಗಾಗಿ ಮೊದಲ ಬೇಡಿಕೆ ಸಮಯದ್ದು. ಬಿಜೆಪಿ ಸರ್ಕಾರ ಶುರುಮಾಡಿದ, ಕಾಂಗ್ರೆಸ್ ಸರ್ಕಾರ ಮುಂದುವರಿಸಿದ 'ನಮ್ಮ ಕ್ಲಿನಿಕ್' ಒಳ್ಳೆಯ ಯೋಜನೆ. 2023ರಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾದಾಗ ಅವುಗಳ ಸಮಯ ಬೆಳಗ್ಗೆ 9ರಿಂದ ಸಂಜೆ 4.30. ಮನೆಕೆಲಸ, ಗಾರೆ ಕೆಲಸ, ಗಾರ್ಮೆಂಟ್ ಕೆಲಸ ಮಾಡುವವರು ದುಡಿಯುವ ಹೊತ್ತೂ ಅದೇ. ಫ್ಲೂ ಏರುವ ತಿಂಗಳುಗಳಲ್ಲಾದರೂ, ಅಂದರೆ ಜನವರಿಯಿಂದ ಮಾರ್ಚ್ ಮತ್ತು ಮಳೆಗಾಲ-ಮಳೆಗಾಲದ ನಂತರ, ಪ್ರತಿ ಕ್ಲಿನಿಕ್ಕೂ ರಾತ್ರಿ ಎಂಟರವರೆಗೆ ತೆರೆದಿರಲಿ. ಅಪಾಯ ಹೆಚ್ಚಿರುವವರಿಗೆ ಅಲ್ಲೇ ಮಾತ್ರೆ ಸಿಗಲಿ.

ಎರಡನೆಯದು ಬೆಲೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಆರ್‌ಟಿ-ಪಿಸಿಆರ್‌ಗೆ ಐಸಿಎಂಆರ್ ಹಾಕಿದ ಮಿತಿ 4,500 ರೂಪಾಯಿ. ಅದೇ ವರ್ಷ ಡಿಸೆಂಬರ್‌ಗೆ ಕರ್ನಾಟಕ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ 800 ಎಂದು ನಿಗದಿ ಮಾಡಿತು. 2024ರ ಜುಲೈನಲ್ಲಿ ಡೆಂಗ್ಯೂ ಎನ್ಎಸ್1 ಎಲೈಸಾಗೆ 300 ರೂಪಾಯಿ ಮಿತಿ ಹಾಕಿತು. ಮನಸ್ಸು ಮಾಡಿದರೆ ಆಗುತ್ತದೆ ಅನ್ನೋದಕ್ಕೆ ಇಷ್ಟು ಸಾಕು. ಹತ್ತಾರು ವೈರಸ್‌ಗಳನ್ನು ಒಟ್ಟಿಗೆ ಕಟ್ಟಿ ಮಾರುವ ಜ್ವರದ ಪ್ಯಾಕೇಜ್‌ಗಳಿಗೂ ಇಂಥ ಕಣ್ಣು ಬೀಳಲಿ.

ಮೂರನೆಯದು ಮಾಹಿತಿ. ಈ ವಾರ ನಮ್ಮ ನಗರದಲ್ಲಿ ಎಷ್ಟು ಮಾದರಿ ಪರೀಕ್ಷಿಸಿದರು, ಎಷ್ಟರಲ್ಲಿ ಫ್ಲೂ ಸಿಕ್ಕಿತು ಎಂಬ ಎರಡು ಸಾಲು ಕನ್ನಡದಲ್ಲಿ ಪ್ರತಿ ಸೋಮವಾರ ಬರಲಿ. ಮೇಲಿನ ಲೆಕ್ಕ ನೆನಪಿದೆಯಲ್ಲ? ಊರಿನಲ್ಲಿ ಎಷ್ಟು ಫ್ಲೂ ಇದೆ ಅಂತ ಗೊತ್ತಿದ್ದರೆ ವೈದ್ಯರು ಟೆಸ್ಟ್ ಇಲ್ಲದೆಯೂ ಧೈರ್ಯವಾಗಿ ನಿರ್ಧಾರ ತೆಗೆದುಕೊಳ್ಳಬಹುದು.

ನಾಲ್ಕನೆಯದನ್ನು ವಿಧಾನಸೌಧಕ್ಕಿಂತ ಮೊದಲು ನಮ್ಮ ಮನೆಗಳಲ್ಲೇ ಶುರು ಮಾಡಬೇಕು. ಎರಡು ದಿನದ ರಜೆಗೂ ಲ್ಯಾಬ್ ರಿಪೋರ್ಟ್ ಕೇಳುವ ಆಫೀಸುಗಳ ಬಗ್ಗೆ ನಾವು ಸಿಟ್ಟಾಗುತ್ತೇವೆ, ಸರಿಯೇ. ಆದರೆ ನಮ್ಮ ಮನೆಗೆ ಕೆಲಸಕ್ಕೆ ಬರುವವರಿಗೆ ರಿಪೋರ್ಟ್ ತಂದರೂ ರಜೆಯ ಸಂಬಳ ಇಲ್ಲ. ಮನೆಕೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿದ ಮೊದಲಿಗರಲ್ಲಿ ಕರ್ನಾಟಕವೂ ಒಂದು. ಕಾಯಿಲೆ ಬಿದ್ದ ದಿನದ ಕೂಲಿಯ ಬಗ್ಗೆಯೂ ಆ ಧೈರ್ಯ ತೋರಿಸಬೇಕು. ಅಲ್ಲಿಯವರೆಗೆ ಜ್ವರದಲ್ಲೂ ಮೂರು ಮನೆ ಗುಡಿಸುವವರಿಗೆ "ಮನೆಯಲ್ಲೇ ಇರಿ" ಅನ್ನೋ ಆರೋಗ್ಯ ಸಲಹೆ ಬರೀ ಮಾತು.

ಅಕ್ಕ ಈಗ ಮತ್ತೆ ನಮ್ಮ ಮನೆಗೆ ಬರುತ್ತಾರೆ. ಆಸ್ಪತ್ರೆಯಲ್ಲಿದ್ದ ದಿನಗಳ ಸಂಬಳ ಕೊಟ್ಟಾಗ ಎಣಿಸದೇ ಸೆರಗಿಗೆ ಕಟ್ಟಿಕೊಂಡರು. ನನಗೂ ಆಗ ಅದೇ ಜ್ವರ ಇತ್ತು, ರಿಪೋರ್ಟ್ ಕೈಯಲ್ಲಿತ್ತು, ಹೇಳಲಿಲ್ಲ ಅಂತ ಒಪ್ಪಿಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದ್ರೆ ಅವತ್ತೇ ಡಾಕ್ಟ್ರ ಹತ್ರ ಹೋಗ್ತಿದ್ದೆ ಅಣ್ಣ" ಅಂದರು.